ಅಂಗೈಯಲ್ಲಿ ಉಳಿದ ವಿಭೂತಿ

ನೆನೆದ ವಿಭೂತಿಯ ವಾಸನೆ ಮೂಗಿಗೆ ಬಡಿದರೆ ನನಗೆ ಭಕ್ತಿ ಬರುವುದಿಲ್ಲ, ಸಿಟ್ಟು ಬರುತ್ತದೆ. ನಮ್ಮ ಹಳೆಯ ಮನೆಯ ದೇವರ ಗೂಡು ತುಂಬಾ ಅದೇ ವಾಸನೆ. ಮನೆಗೆ ಹತ್ತಿರದಲ್ಲೇ, ಕವಲೇದುರ್ಗದ ಕೋಟೆಯ ಕೆಳಗೆ ಅರಸರ ಕಾಲದ ಗದ್ದುಗೆಗಳಿವೆ. ಸತ್ತವರನ್ನು ಕೂರಿಸಿ ಹೂಳಿ, ಮೇಲೆ ಎದೆಮಟ್ಟಕ್ಕೆ ಕಟ್ಟಿದ ಕಲ್ಲುಕಟ್ಟೆಗಳು, ಸುತ್ತ ಹೂಬಳ್ಳಿಯ ಕೆತ್ತನೆ. ಸೋಮವಾರ ಸೋಮವಾರ ಅಜ್ಜಿ ನನ್ನ ಕೈಹಿಡಿದು ಅಲ್ಲಿಗೆ ಹೋಗುತ್ತಿದ್ದಳು. ಅಂಗೈಯಲ್ಲಿ ನೀರು ಹಾಕಿ ವಿಭೂತಿಗಟ್ಟಿ ತೇಯ್ದು, ಒಂದೊಂದು ಗದ್ದುಗೆಗೂ ಮೂರು ಬೆರಳು ಎಳೆದು, ಕೊನೆಗೆ ಉಳಿದದ್ದನ್ನು ಹಿಂದುಗಡೆಯ ಒಂದು ಕಲ್ಲಿಗೆ ಸವರುತ್ತಿದ್ದಳು. ತೆಂಗಿನಕಾಯಿಯಷ್ಟು ದಪ್ಪದ, ಉಳಿ ಮುಟ್ಟದ ಕಲ್ಲು. ಅದರಡಿ ಅವಳ ಮೊದಲ ಮಗಳಿದ್ದಳು. ಹೆಸರಿಡುವ ಮೊದಲೇ ಹೋದ ಕೂಸು. ಅಂಥದ್ದಕ್ಕೆ ನಮ್ಮಲ್ಲಿ ಗದ್ದುಗೆ ಕಟ್ಟುವುದಿಲ್ಲ. "ದೊಡ್ಡೋರಿಗೆ ಹಚ್ಚಿ ಉಳ್ದಿದ್ದು ಅವ್ಳಿಗೆ ಸಾಕು ಕಣೆ," ಎನ್ನುತ್ತಿದ್ದಳು. ಆದರೆ ಉಳಿಯಲಿ ಎಂದೇ ಹೆಚ್ಚು ತೇಯುತ್ತಿದ್ದಳು, ನಾನು ನೋಡಿದ್ದೇನೆ.

ಅಜ್ಜಿಯ ಹಿರಿಮಗ ನನ್ನ ದೊಡ್ಡಪ್ಪ. ಎದುರಿಗೆ ಬಹುವಚನ ಕೊಡುತ್ತೇನೆ, ಇಲ್ಲಿ ಕೊಡಲಾರೆ. ಗದ್ದುಗೆಗಳ ಉದ್ಧಾರಕ್ಕೆಂದು ಸಮಿತಿ ಕಟ್ಟಿ, ತಾನೇ ಅಧ್ಯಕ್ಷನಾಗಿ, ನೋಡಲು ಬರುವವರಿಗೆ ಹಾದಿ ಬೇಕೆಂದು ಹಿಂದುಗಡೆಯೆಲ್ಲ ಸಪಾಟು ಮಾಡಿಸಿ ಸಿಮೆಂಟು ಹಾಕಿಸಿದ. ಮುಂದಿನ ಸೋಮವಾರ ಉಳಿದ ವಿಭೂತಿ ಹಿಡಿದು ಹೋದ ಅಜ್ಜಿ ಅಲ್ಲೇ ನಿಂತಳು.

"ಇಲ್ಲೊಂದು ಕಲ್ಲಿತ್ತಲ್ಲೋ?" ಅಲ್ಲೇ ಇದ್ದ ಮಗನನ್ನು ಕೇಳಿದಳು.

"ಕಾಲಿಗೆ ಎಡವ್ತಿತ್ತು ಕಣವ್ವ. ಉಳಿದ ಕಲ್ಲಿನ ಜೊತೆ ಹಾದಿ ಅಡಿಗೆ ಹಾಕಿದ್ವಿ."

ಚಿಕ್ಕವನಿದ್ದಾಗ ಅವನೂ ಅಜ್ಜಿಯ ಕೈಹಿಡಿದು ಅಲ್ಲಿಗೆ ಬಂದವನೇ. ಮರೆತಿದ್ದ. ಬೇಕೆಂದೇ ಮಾಡಿದ್ದರೆ ಬೈದು ಹಗುರಾಗಬಹುದಿತ್ತು. ಅಜ್ಜಿ ಅಂಗೈ ಮುಚ್ಚಿಕೊಂಡು ಮನೆಗೆ ನಡೆದಳು, ಮತ್ತೆಂದೂ ಆ ಕಡೆ ತಲೆ ಹಾಕಲಿಲ್ಲ.

ಈಗ ಅಜ್ಜಿಯೂ ಇಲ್ಲ, ಆ ಮನೆಯೂ ಇಲ್ಲ. ನಿಮಗೂ ಇಂಥದ್ದೊಂದು ಕಲ್ಲು ಎಲ್ಲೋ ಇದ್ದಿರಬಹುದು. ಮೊನ್ನೆ ಸೋಮವಾರ ನಾನು ಹೋದಾಗ ದೊಡ್ಡಪ್ಪ ಪ್ರವಾಸಿಗರಿಗೆ ಅರಸರ ವೈಭವ ಬಣ್ಣಿಸುತ್ತಿದ್ದ. ನಾನು ಅರಸರಿಗೆ ಒಂದು ಗೆರೆಯನ್ನೂ ಎಳೆಯಲಿಲ್ಲ. ನೇರ ಹಿಂದೆ ಹೋಗಿ, ಅಂಗೈ ತುಂಬ ತೇಯ್ದು, ಸಿಮೆಂಟಿನ ಮೇಲೆ ಸವರತೊಡಗಿದೆ.

"ಏ, ಜನ ತುಳಿಯೋ ಜಾಗ ಅದು! ಅಲ್ಲಿ ವಿಭೂತಿ ಹಚ್ತಾರೇನೆ?" ದೊಡ್ಡಪ್ಪ ಓಡಿಬಂದ.

"ತುಳಿಸ್ತಿರೋದು ನೀವು ದೊಡ್ಡಪ್ಪ. ನಿಮ್ಮಕ್ಕ ಇದಾಳೆ ಇದ್ರಡಿ."

ಅವನು ಸಿಮೆಂಟಿನ ಮೇಲಿಂದ ಕಾಲು ತೆಗೆದು ಪಕ್ಕಕ್ಕೆ ಸರಿದ. ಪ್ರವಾಸಿಗರು ಕಾಯುತ್ತಿದ್ದರು. ಅವರಿಗೆ ಕೇಳಿಸದಂತೆ ಮೆಲ್ಲಗೆ ಕೇಳಿದ: "ಸರಿಯಾಗಿ ಎಲ್ಲಿತ್ತೇ ಅದು?"

ಎಲ್ಲ ಸಪಾಟಾದ ಮೇಲೆ ನನಗೂ ಗುರುತು ಸಿಗುತ್ತಿರಲಿಲ್ಲ. ಅದನ್ನು ಅವನಿಗೆ ಹೇಳಲಿಲ್ಲ. ಹಾದಿಯ ಈ ತುದಿಯಿಂದ ಆ ತುದಿಯವರೆಗೂ ಸವರುತ್ತಾ ಹೋದೆ.