ಒಂದು ದಿನದ ಮಗ

ಟೈಲರ್ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಕಾಜಕ್ಕ ಎಂದೇ. ಹನ್ನೊಂದು ವರ್ಷದಿಂದ ಅವಳದು ಒಂದೇ ಕೆಲಸ: ಗುಂಡಿ ತೂರುವ ಕಾಜಾ ಹೊಲಿಯುವುದು. ಗಂಡಸರ ಅಂಗಿಗೆ ಎಡಕ್ಕೆ, ಹೆಂಗಸರದಕ್ಕೆ ಬಲಕ್ಕೆ. ನಿದ್ದೆಗಣ್ಣಲ್ಲಿ ಕೊಟ್ಟರೂ ತಪ್ಪುವವಳಲ್ಲ. ಬಟ್ಟೆಯಲ್ಲಿ ಇಷ್ಟು ಸಲೀಸಾದದ್ದು ಅವಳ ಸ್ವಂತ ಬಾಳಿನಲ್ಲಿ ಮಾತ್ರ ಎಕ್ಕುಟ್ಟಿಹೋಗಿತ್ತು.

ಹುಟ್ಟಿದಾಗ ಗಂಡು ಎಂದು ಬರೆದಿದ್ದರು. ಆರು ವರ್ಷದ ಹಿಂದೆ ಅವಳು ಹೆಣ್ಣಾಗಿ ಬಾಳತೊಡಗಿದಳು. ಒಂದು ಕಚೇರಿ ಹೇಗೋ ಒಪ್ಪಿ, ಹೆಣ್ಣು ಎಂದು ಹೊಸ ಗುರುತಿನ ಕಾರ್ಡು ಕೊಟ್ಟಿತು. ಮನೆಯವರ ಹೆಸರೆಲ್ಲ ಇರುವ ಕುಟುಂಬದ ಪುಸ್ತಕ ತಿದ್ದಿಸಲು ಹೋದರೆ, ಮೊದಲು ಶಾಲೆಯ ಸರ್ಟಿಫಿಕೇಟ್ ತಿದ್ದಿಸಿ ಅಂದರು. ಶಾಲೆಯವರೋ, ಮೊದಲು ಕುಟುಂಬದ ಪುಸ್ತಕ ತನ್ನಿ ಅಂದರು. ನಾಲ್ಕು ವರ್ಷ ಚಪ್ಪಲಿ ಸವೆಸಿದ್ದೇ ಬಂತು. ಆ ಹಾಳು ಪುಸ್ತಕದ ಪ್ರಕಾರ ಅವಳ ಅಮ್ಮನಿಗೆ ಇವತ್ತಿಗೂ ಒಬ್ಬನೇ ಮಗ. ಮಗಳೆನ್ನುವವಳು ಹುಟ್ಟೇ ಇಲ್ಲ!

ಅಮ್ಮನೇನು ಸಾಮಾನ್ಯದವಳೇ? ಮನೆಯೊಳಗೆ "ಬಾರೇ, ಊಟ ಮಾಡೇ" ಎನ್ನುವಷ್ಟು ದಾರಿಗೆ ಬಂದಿದ್ದಳು, ನಿಜ. ಹೊರಗಿನವರು ವಿಚಾರಿಸಿದರೆ ಮಾತ್ರ, "ನಮ್ದು ಕೆಲಸಕ್ಕೆ ಹೋಗಿದೆ" ಎಂದು ದನಕರುವಿನ ಸುದ್ದಿ ಹೇಳುವಂತೆ ಹೇಳಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ನಾಲ್ಕು ಜನರೆದುರು ಒಂದೇ ಒಂದು ಸಲ 'ನನ್ನ ಮಗಳು' ಅಂದುಬಿಟ್ಟರೆ ಸಾಕು ಎಂದು ಕಾಜಕ್ಕ ಆರು ವರ್ಷ ಕಾದಳು.

ಅಷ್ಟರಲ್ಲಿ ಅಮ್ಮನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ದೊಡ್ಡ ಡಾಕ್ಟರು ಮಂಗಳವಾರ ಆಪರೇಷನ್ ಎಂದರು. "ಈ ವಾರ ತಪ್ಪಿದ್ರೆ ಆಮೇಲೆ ನನ್ನ ಕೈಲಿಲ್ಲಮ್ಮ" ಎಂದೂ ಅಂದರು. ಸೋಮವಾರ ಆಸ್ಪತ್ರೆಯ ಗುಮಾಸ್ತ ಕನ್ನಡಕ ಏರಿಸಿಕೊಂಡು ಕಾರ್ಡನ್ನೂ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ನೋಡಿದ.

"ರಕ್ತಸಂಬಂಧಿ ಸಹಿ ಬೇಕಮ್ಮ. ಇವ್ರಿಗೆ ಇರೋದು ಮಗ. ಅವನನ್ನ ಕರ್ಕೊಂಬನ್ನಿ."

"ಆ ಮಗ ನಾನೇ ಸ್ವಾಮಿ."

"ತಮಾಷೆ ಮಾಡ್ತೀರಾ? ಕಾರ್ಡಲ್ಲಿ ಹೆಣ್ಣು ಅಂತಿದೆ."

ಕಾಜಕ್ಕ ಕೈ ಮುಗಿದಳು, ಅತ್ತಳು, ಕಾಲಿಗೆ ಬೀಳಲು ಬಾಗಿದಳು. ಗುಮಾಸ್ತ ಕಾಲು ಹಿಂದಕ್ಕೆಳೆದುಕೊಂಡನೇ ಹೊರತು ಕರಗಲಿಲ್ಲ. ಅವನದೂ ಹೊಟ್ಟೆಪಾಡು, ಬಿಡಿ.

ಮನೆಗೆ ಬಂದು ಟ್ರಂಕಿನ ತಳದಿಂದ ಹಳೆಯ ಕಾರ್ಡು ತೆಗೆದಳು. ಗಂಡು ಎಂದಿತ್ತು. ಟೈಲರ್ ಅಂಗಡಿಯ ಮಾಸ್ಟ್ರು ಗಿರಾಕಿಯೊಬ್ಬರ ಹೊಸ ಅಂಗಿ ಕೊಟ್ಟು, "ಒಂದಿನದ ಮಾತು. ಜೀವಕ್ಕಿಂತ ದೊಡ್ಡದಾ?" ಎಂದರು. ಬೆಳಿಗ್ಗೆ ಕನ್ನಡಿಯೆದುರು ಕತ್ತರಿ ಹಿಡಿದು ತನ್ನ ಕೂದಲನ್ನು ತಾನೇ ಕತ್ತರಿಸಿಕೊಂಡಳು. ಅಂಗಿಯ ಕಾಜಾ ಅವಳೇ ಹೊಲಿದದ್ದು, ಆದರೂ ಗುಂಡಿ ಹಾಕಲು ಕೈ ಬರಲೊಲ್ಲದು. ಆರು ವರ್ಷ ಕಷ್ಟಪಟ್ಟು ಕಟ್ಟಿಕೊಂಡದ್ದನ್ನು ಒಂದು ಗಳಿಗೆಯಲ್ಲಿ ಬಿಚ್ಚಿಹಾಕಿದೆನಲ್ಲಾ ಎಂದುಕೊಳ್ಳುತ್ತಲೇ ಒಂದೊಂದಾಗಿ ಗುಂಡಿ ಹಾಕಿಕೊಂಡಳು.

ಅಮ್ಮನಿಗೆ ಆಗಲೇ ಮಂಪರಿನ ಸೂಜಿ ಚುಚ್ಚಿ, ಗಾಲಿಮಂಚದಲ್ಲಿ ಆಪರೇಷನ್ ಕೋಣೆಯ ಬಾಗಿಲಿಗೆ ತಂದಿದ್ದರು. ಕಾಜಕ್ಕ ಅವಳ ಕಿವಿಯ ಹತ್ತಿರ ಬಾಗಿದಳು.

"ಅಮ್ಮಾ, ಯಾರು ಕೇಳಿದ್ರೂ ಮಗ ಅನ್ನು. ಇವತ್ತೊಂದಿನ. ಮರೀಬೇಡ, ನಿನ್ನ ದಮ್ಮಯ್ಯ."

"ಆಯ್ತೇ" ಎಂದಳು ಅಮ್ಮ.

ಅಲ್ಲಿದ್ದದ್ದು ಬೇರೊಬ್ಬ ಗುಮಾಸ್ತೆ. ಹಳೆಯ ಕಾರ್ಡು ನೋಡಿದಳು, ಪುಸ್ತಕ ನೋಡಿದಳು, ಎರಡೂ ಹೊಂದಿದವು. ಕಾಜಕ್ಕನ ಕೈಗೆ ಪೆನ್ನು ಬಂತು. ಅಬ್ಬಾ, ಅಂತೂ ಗೆದ್ದೆ ಎಂದುಕೊಂಡಳು. ಗುಮಾಸ್ತೆ ಕೊನೆಯದಾಗಿ ರೋಗಿಯ ಕಡೆ ತಿರುಗಿದಳು.

"ಅಜ್ಜಿ, ಇವ್ರು ನಿಮಗೆ ಏನಾಗ್ಬೇಕು?"

ಅಮ್ಮ ಮಂಪರಿನಲ್ಲೇ ತಲೆಯೆತ್ತಿ ಸುತ್ತ ನಿಂತವರನ್ನೆಲ್ಲ ನೋಡಿದಳು. ನರ್ಸು, ಡಾಕ್ಟರು, ಆಯಾ, ಬೇರೆ ರೋಗಿಗಳ ಕಡೆಯವರು. ಎಲ್ಲರಿಗೂ ಕೇಳುವ ಹಾಗೆ, ಗಟ್ಟಿಯಾಗಿ ಹೇಳಿದಳು:

"ನನ್ನ ಮಗಳು."

ಕಾಜಕ್ಕ ಪೆನ್ನು ಬಿಡದೆ ನಡುವೆ ಬಾಯಿ ಹಾಕಿದಳು. "ಮಂಪರಲ್ಲಿ ಏನೋ ಅಂತಿದ್ದಾರೆ ಮೇಡಂ!" ಎಂದಳು. ಗುಮಾಸ್ತೆ ಅವಳ ಮುಖವನ್ನು ನೋಡಿದಳು, ಕಿವಿಯ ತೂತು ನೋಡಿದಳು, ಪೆನ್ನು ವಾಪಸು ತೆಗೆದುಕೊಂಡಳು.

"ಇದು ಬಗೆಹರಿಯೋವರೆಗೆ ಆಗಲ್ಲ. ಮುಂದಿನವ್ರನ್ನ ಕರೀರಿ."

ಡಾಕ್ಟರು ಗಡಿಯಾರ ನೋಡಿಕೊಂಡು ಒಳಗೆ ಹೋದರು. ಮುಂದಿನ ರೋಗಿಯ ಮಂಚ ಬಂತು. ಅಮ್ಮನದನ್ನು ವಾರ್ಡಿನ ಕಡೆ ತಿರುಗಿಸಿದರು. ಕಾಜಕ್ಕ ಮಂಚದ ಕಂಬಿ ಹಿಡಿದು ಜೊತೆಗೇ ಓಡಿದಳು. ಅಮ್ಮ ಅವಳ ಕೈ ಹುಡುಕಿ ಹಿಡಿದುಕೊಂಡಳು. ಮುಖದಲ್ಲಿ ನಗು.

"ಎಲ್ಲರ ಮುಂದೇನೇ ಹೇಳ್ದೆ. ಸರಿಯಾಗಿ ಹೇಳ್ದೆ ತಾನೇ?"

"ಹ್ಞೂಂ ಅಮ್ಮಾ" ಎಂದಳು ಕಾಜಕ್ಕ. "ಸರಿಯಾಗೇ ಹೇಳ್ದೆ."

ವಾರ್ಡಿನ ಬಾಗಿಲಲ್ಲಿ ಕಾವಲಿನವನು ಮಂಚವನ್ನು ಒಳಗೆ ಬಿಟ್ಟು, ಅಂಗಿ ನೋಡಿ ಅವಳಿಗೆ ಕೈ ಅಡ್ಡ ಹಿಡಿದ.

"ಹೆಂಗಸರ ವಾರ್ಡು. ನೀನು ಹೊರಗೆ ನಿಂತ್ಕೊಳಪ್ಪ."