ಸುಳ್ಳು ಹಿಡಿದವರಿಗೆ ಮನೆ ಕೊಡುತ್ತಾರಂತೆ

ರತ್ನಾವತಿಯವರಿಗೆ ಯಾರ ಮಾತನ್ನೂ ಸುಮ್ಮನೆ ನಂಬುವ ಅಭ್ಯಾಸವಿಲ್ಲ. ಮೀನಿನವಳು ಬಂಗುಡೆ ತಾಜಾ ಎಂದರೆ ಕಿವಿರು ಎತ್ತಿ ನೋಡದೆ ಚೀಲ ಬಿಚ್ಚುವವರಲ್ಲ. ಡಾಕ್ಟರು "ನಿಮಗೆ ಏನೂ ಇಲ್ಲ" ಎಂದರೆ, "ಏನೂ ಇಲ್ಲದ್ದಕ್ಕೆ ಇಷ್ಟೆಲ್ಲ ಮಾತ್ರೆ ಯಾಕೆ ಸ್ವಾಮೀ?" ಎಂದು ಕೇಳಿಯೇ ಏಳುವವರು. ಹಿಂದೆ ಹೆಣ್ಣು ನೋಡಲು ಕಾರ್ಕಳಕ್ಕೆ ಬಂದಿದ್ದ ತಾರಾನಾಥರು ತಮಗೆ ಮುಂಬಯಿ ಕಡೆ ಥಾಣೆಯಲ್ಲಿ ಕೆಲಸ, ಡೊಂಬಿವಲಿಯಲ್ಲಿ ಇರಲು ಖೋಲಿ ಎಂದಾಗ, ಬಾಗಿಲ ಹಿಂದಿನಿಂದಲೇ "ನಡುವೆ ಯಾವ ಯಾವ ಸ್ಟೇಷನ್ ಬರ್ತದೆ, ಹೇಳ್ಲಿ ನೋಡುವ" ಎಂದು ಕೇಳಿಸಿದ್ದರಂತೆ. ಪಾಪ, ಆ ಮನುಷ್ಯ ಎರಡು ಹೆಸರು ಹೇಳಿ ತಡವರಿಸಿ, "ಉಳಿದದ್ದು ಗೊತ್ತಿಲ್ಲ, ಫಾಸ್ಟ್ ಗಾಡಿ ಅಲ್ಲಿ ನಿಲ್ಲುವುದಿಲ್ಲ" ಎಂದುಬಿಟ್ಟರು. ಸುಳ್ಳು ಹೇಳುವವನಾಗಿದ್ದರೆ ಬಾಯಿಪಾಠ ಮಾಡಿಕೊಂಡು ಬರುತ್ತಿದ್ದ ಎಂದುಕೊಂಡು ಈಕೆ ಮದುವೆಗೆ ಒಪ್ಪಿದರು.

ಇಂಥ ಹೆಂಗಸಿಗೆ ಅರವತ್ತರ ಹೊಸ್ತಿಲಲ್ಲಿ ಸರಕಾರವೇ ಕುರ್ಚಿ ಹಾಕಿಕೊಟ್ಟಿತು ಎಂದರೆ ನೀವು ನಂಬಲಿಕ್ಕಿಲ್ಲ, ಆದರೆ ಅದು ನಡೆದದ್ದು ಹೌದು. ಮೊಬೈಲಿನಲ್ಲಿ ಹರಿದಾಡುವ ಸುಳ್ಳು ಸುದ್ದಿಗಳನ್ನು ಪತ್ತೆ ಹಚ್ಚಲು ಊರೂರಿನಲ್ಲಿ ಕೇಂದ್ರ ತೆರೆಯುವವರಿಗೆ ಸರಕಾರ ಅನುದಾನ ಕೊಟ್ಟಿತ್ತು. ಡೊಂಬಿವಲಿ ಪೂರ್ವದ ಹಳೆಯ ಸಭಾಗೃಹವೊಂದರ ಮಹಡಿಯ ಮೇಲೂ ಒಂದು ಕೇಂದ್ರ ಬಂತು. ಮರಾಠಿಗೆ ಒಂದು ಮೇಜು, ಹಿಂದಿಗೆ ಒಂದು, ಗುಜರಾತಿಗೆ ಒಂದು. ಕನ್ನಡಕ್ಕೂ ಒಂದು, ಆದರೆ ಅದು 'ನೋಡುವ, ನಡೆದರೆ ನಡೆಯಲಿ' ಎಂಬಂಥದ್ದು. ಕೇಂದ್ರ ನೋಡಿಕೊಳ್ಳುತ್ತಿದ್ದ ಯತಿನ್ ಇವರದೇ ಬಿಲ್ಡಿಂಗಿನ ಹುಡುಗ. ಕನ್ನಡ ಅರ್ಥವಾಗುತ್ತದೆ, ಬಾಯಿ ತೆರೆದರೆ ಮಾತ್ರ ಹಿಂದಿಯೇ. "ಆಂಟಿ, ಆಪ್ ಸೇ ಜ್ಯಾದಾ ಶಕ್ ಕೌನ್ ಕರ್ತಾ ಹೈ?" ಎಂದು, ನಿಮಗಿಂತ ಹೆಚ್ಚು ಸಂಶಯ ಪಡುವವರು ಯಾರಿದ್ದಾರೆ ಎಂಬಂತೆ ನಕ್ಕು ಇವರನ್ನೇ ಕರೆದುಕೊಂಡು ಹೋಗಿ ಕೂರಿಸಿದ.

ಮೇಜಿನ ಮೇಲೆ ಒಂದು ಹಲಗೆ ಇಟ್ಟರು: 'ಕನ್ನಡ ವಿಭಾಗ, ಶ್ರೀಮತಿ ರತ್ನಾವತಿ'. ಇಷ್ಟು ವರ್ಷ ಆಕೆ ತಾರಾನಾಥರ ಹೆಂಡತಿ, ಸಮಿತ್‌ನ ಅಮ್ಮ, ಮೂರನೇ ಮಾಳಿಗೆಯ ಆಂಟಿ. ತನ್ನ ಹೆಸರು ಅಚ್ಚಾಗಿದ್ದನ್ನು ಮದುವೆ ಕಾಗದದ ನಂತರ ನೋಡಿದ್ದು ಇದೇ ಮೊದಲು. ಆ ಹಲಗೆಯನ್ನು ದಿನಾ ಬೆಳಿಗ್ಗೆ ಸೆರಗಿನಿಂದ ಒರೆಸುತ್ತಿದ್ದರು. ಒರೆಸಿ ಕೂತರೆ ಸಂಜೆಯವರೆಗೆ ಬೇರೆ ಕೆಲಸವೇ ಇರುತ್ತಿರಲಿಲ್ಲ.

ಯಾಕೆಂದರೆ ನಮ್ಮ ಕನ್ನಡದವರು ಯಾರೂ ಆ ಕಡೆ ತಲೆ ಹಾಕಲಿಲ್ಲ. ಸುಳ್ಳು ಮೆಸೇಜಿಗೇನು ಬರಗಾಲವೇ! ಬೆಳಗಾದರೆ ಬೆಂಡೆಕಾಯಿ ನೀರಿನಿಂದ ಸಕ್ಕರೆ ಕಾಯಿಲೆ ಓಡಿಸುವವರು, ಮಧ್ಯಾಹ್ನವಾದರೆ ಬ್ಯಾಂಕು ಮುಳುಗಿಸುವವರು ಮನೆಮನೆಯಲ್ಲಿದ್ದರು. ಆದರೆ ಆಫೀಸಿಗೆ ಹೋಗಿ ಕೇಳುವುದೆಂದರೆ ಹೆದರಿಕೆ. ಟಿಟ್ವಾಳಾದಲ್ಲಿರುವ ನಾದಿನಿ ದಮಯಂತಿಯನ್ನು ಕರೆದರೆ, "ಎಂತ ಅತ್ತಿಗೆ, ಸರಕಾರಿ ಆಫೀಸಿಗೆ ನಾನಾಗಿ ಹೋಗಿ ಮೊಬೈಲು ಕೊಡುವುದಾ? ನಾಳೆ ನನ್ನನ್ನೇ ಹಿಡಿದುಕೊಂಡು ಹೋದ್ರೆ?" ಎಂದಳು.

ಆ ವಾರ ಯತಿನ್ ಮುಖ ಸಣ್ಣದು ಮಾಡಿಕೊಂಡು ಬಂದ. ಶನಿವಾರ ಅನುದಾನ ಸಮಿತಿಯ ಮೇಡಂ ಬರುತ್ತಾರೆ, ಜನ ಬರದ ಮೇಜನ್ನು ಮುಚ್ಚುತ್ತಾರೆ, ಆ ಹಣ ಬೇರೆ ಭಾಷೆಗೆ ಹೋಗುತ್ತದೆ ಎಂದ. ರತ್ನಾವತಿ ಮನೆಗೆ ಬಂದು ಕುಚ್ಚಲಕ್ಕಿ ಗಂಜಿಯನ್ನು ಬಡಿಸಿಕೊಂಡು ಹಾಗೇ ನೋಡುತ್ತಾ ಕೂತರು. ಹೆಂಡತಿ ಬೈದರೆ ತಾರಾನಾಥರಿಗೆ ಅಭ್ಯಾಸವಿತ್ತು. ಬೈಯದೆ ಕೂತದ್ದನ್ನು ನೋಡಿ ಅವರು ತಾವೇ ಎದ್ದು ಉಪ್ಪಿನಕಾಯಿ ಜಾಡಿ ತಂದು ಮುಂದಿಟ್ಟರು.

ಮರುದಿನ ಭಜನೆಗೆ ಹೋದ ತಾರಾನಾಥರು, ಮಂಗಳಾರತಿ ಮುಗಿದು ಪ್ರಸಾದ ಹಂಚುವ ಹೊತ್ತಿಗೆ ಪಕ್ಕದವರ ಕಿವಿಯಲ್ಲಿ ಹೇಳಿದರು: "ಸುಳ್ಳು ಮೆಸೇಜು ತೋರಿಸಿದವರಿಗೆ ಸರಕಾರದಿಂದ ಏನಾದ್ರೂ ಸಿಕ್ಕಿದ್ರೂ ಸಿಕ್ಕೀತು ಮಾರಾಯ್ರೆ."

ಅಷ್ಟೇ. ಕಲ್ಯಾಣ ತಲುಪುವಷ್ಟರಲ್ಲಿ ಅದು 'ಸಿಗುತ್ತದೆ' ಆಗಿತ್ತು. ಐರೋಲಿಯಲ್ಲಿ ಇನಾಮು ಆಯಿತು. ಡೊಂಬಿವಲಿಯ ಬಾಡಿಗೆದಾರರೆಲ್ಲ ಹಗಲಿಡೀ ನವಿ ಮುಂಬಯಿಯ ಸ್ವಂತ ಮನೆಯ ಕನಸು ಕಾಣುವವರು, ಕೇಳಬೇಕೇ? ಶುಕ್ರವಾರದ ಹೊತ್ತಿಗೆ ಹೂವಿನ ಚಿತ್ರ, ರಾಜಮುದ್ರೆ ಎಲ್ಲ ಸೇರಿ ಮೆಸೇಜೇ ತಯಾರಾಗಿತ್ತು: 'ಸುಳ್ಳು ಸುದ್ದಿ ಹಿಡಿದುಕೊಟ್ಟ ಕನ್ನಡ ಕುಟುಂಬಗಳಿಗೆ ಸರಕಾರಿ ಮನೆ ಲಾಟರಿಯಲ್ಲಿ ಮೀಸಲಾತಿ. ನಾಳೆಯೇ ಕೊನೆಯ ದಿನ.'

ಶನಿವಾರ ರತ್ನಾವತಿ ಮಹಡಿ ಹತ್ತಲು ಹೋದರೆ ಮೆಟ್ಟಿಲೇ ಕಾಣುತ್ತಿಲ್ಲ! ಜನರ ಸಾಲು ವಡಾಪಾವ್ ಗಾಡಿ ದಾಟಿ ರಿಕ್ಷಾ ಸ್ಟ್ಯಾಂಡಿನವರೆಗೆ ಹೋಗಿತ್ತು. ತಾರಾನಾಥರು ಇಸ್ತ್ರಿ ಶರ್ಟು ಹಾಕಿಕೊಂಡು, "ಲೈನಿನಲ್ಲಿ ಬನ್ನಿ, ಒತ್ತಬೇಡಿ" ಎಂದು ಗಾಡಿ ಏರಿಸುವವರ ಹಾಗೆ ಕೈಬೀಸುತ್ತಿದ್ದರು. ದಮಯಂತಿ ಎಲ್ಲರಿಗಿಂತ ಮುಂದೆ.

"ಹೆದರಿಕೆ ಎಲ್ಲಿ ಹೋಯ್ತೇ?" ಎಂದರು ರತ್ನಾವತಿ.

"ಮನೆಯ ವಿಷಯ ಅಲ್ವಾ ಅತ್ತಿಗೆ!" ಎಂದು ದಮಯಂತಿ ಆ ಮೆಸೇಜು ತೆರೆದು ತೋರಿಸಿದಳು.

ಸುಳ್ಳು ಸಿಗದವರು ಮನೆಯಲ್ಲೇ ತಯಾರಿಸಿ ತಂದಿದ್ದರು. ಅಪ್ಪೆಮಿಡಿ ತಿಂದರೆ ಚಷ್ಮಾ ಬೇಡ ಎಂದು ಒಬ್ಬರು. ಅಂಬರನಾಥಕ್ಕೆ ಸಮುದ್ರ ಬರುತ್ತದೆ ಎಂದು ಇನ್ನೊಬ್ಬರು. 'ಬೆಳಗಿನ ಡೊಂಬಿವಲಿ ಲೋಕಲ್ಲಿನಲ್ಲಿ ನನಗೆ ಕಿಟಕಿ ಸೀಟು ಸಿಕ್ಕಿತು' ಎಂದು ಮತ್ತೊಬ್ಬ ಬರೆದು ತಂದಿದ್ದ, ಅದನ್ನು ಯತಿನ್ ಪರೀಕ್ಷೆ ಮಾಡದೆಯೇ ಸುಳ್ಳು ಎಂದು ಬರೆದುಕೊಂಡ.

ಅಷ್ಟರಲ್ಲಿ ಸಮಿತಿಯ ಮೇಡಂ ಬಂದರು. ಮರಾಠಿ ಮೇಜಿನಲ್ಲಿ ನಾಲ್ಕು ಜನ, ಗುಜರಾತಿಯಲ್ಲಿ ಇಬ್ಬರು, ಕನ್ನಡಕ್ಕೆ ಜಾತ್ರೆ. ಮೇಡಂ ಕಣ್ಣರಳಿಸಿ, "ಕನ್ನಡದವರಲ್ಲಿ ಎಷ್ಟೊಂದು ಜಾಗೃತಿ!" ಎಂದು ಹಿಂದಿಯಲ್ಲಿ ಹೊಗಳಿದರು. ಯತಿನ್ ಕಣ್ಣಿನಲ್ಲೇ ಆಂಟಿ ಸುಮ್ಮನಿರಿ ಎಂದ. ರತ್ನಾವತಿಯವರಿಗೂ ಆಸೆ ಇರಲಿಲ್ಲವೇ? ಇತ್ತು. ಒಂದು ದಿನ ಬಾಯಿ ಮುಚ್ಚಿಕೊಂಡು ಕೂತರೆ ಆ ಕುರ್ಚಿ, ಆ ಹಲಗೆ ತನ್ನದೇ. ಆಕೆ ಸೆರಗಿನಿಂದ ಹಲಗೆಯನ್ನು ಇನ್ನೊಮ್ಮೆ ಒರೆಸಿದರು. ಆ ಒಂದು ಗಳಿಗೆ ಸುಖವಾಗಿಯೇ ಇತ್ತು.

ಆಗ ಸಾಲಿನಲ್ಲಿ ಮುಂದೆ ಬಂದವನು ಮಹಾದೇವಪ್ಪ. ಅಂಬರನಾಥದ ಕಾರ್ಖಾನೆಯಲ್ಲಿ ಕೆಲಸ, ವಿಜಾಪುರದ ಕಡೆಯವನು. ಅವನು ಯಾವ ಸುಳ್ಳನ್ನೂ ತಂದಿರಲಿಲ್ಲ. ಆ ಮನೆಯ ಮೆಸೇಜನ್ನೇ ತೆರೆದು ಮುಂದೆ ಹಿಡಿದ.

"ಅಕ್ಕಾರ, ಇದು ಖರೇ ಏನ್ರಿ? ಕೋಟಾದಾಗ ಹೆಸರು ಬರಸ್ತೀನಿ, ಮೊದಲ ರೊಕ್ಕಾ ತುಂಬು ಅಂತ ಒಬ್ಬ ಏಜೆಂಟ್ ಗಂಟ ಬಿದ್ದಾನ್ರಿ. ನಮ್ಮಾಕಿ ಬಂಗಾರ ಅಡಾ ಇಟ್ಟು ಕೆಳಗ ನಿಂತಾಳ. ನೀವು ಖರೇ ಅಂದ್ರ ಕೊಟ್ಟಬಿಡ್ತೀನ್ರಿ."

ಇಷ್ಟು ದಿನ ಕಾದರೂ ಆ ಮೇಜಿಗೆ ಬಾರದಿದ್ದ ಪ್ರಶ್ನೆ ಅದು. ಮೇಡಂ ನೋಡುತ್ತಿದ್ದರು. ಗಂಡ ಬಾಗಿಲಲ್ಲಿ ಹಲ್ಲು ಕಿರಿದು ನಿಂತಿದ್ದರು.

"ಸುಳ್ಳು!" ಎಂದರು ರತ್ನಾವತಿ. ಎದ್ದು ನಿಂತು, ಮೆಟ್ಟಿಲ ಕೆಳಗಿನವರಿಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳಿದರು. "ಮನೆಯೂ ಇಲ್ಲ, ಮೀಸಲಾತಿಯೂ ಇಲ್ಲ. ಏಜೆಂಟಿಗೆ ಒಂದು ಪೈಸೆ ಕೊಡಬೇಡಿ. ಇದನ್ನು ಹುಟ್ಟಿಸಿದ್ದು ಯಾರು?"

"ನಾನು ಮನೆ ಅಂತ ಹೇಳ್ಲೇ ಇಲ್ಲ ಮಾರಾಯ್ತಿ! ಏನಾದ್ರೂ ಸಿಕ್ಕೀತು ಅಂತ ಮಾತ್ರ ಹೇಳಿದ್ದು!" ಎಂದು ತಾರಾನಾಥರು ಬಾಗಿಲಲ್ಲೇ ಕೂಗಿದರು.

ಸಾಲು ಬೈಯುತ್ತಾ ಕರಗಿತು. ಗಾಡಿ ನಿಲ್ಲದ ಸ್ಟೇಷನ್ನಿನ ಹಾಗೆ ಜಾಗ ಬಣಗುಟ್ಟಿತು. ಮಹಾದೇವಪ್ಪ ಮಾತ್ರ ಕೈಮುಗಿದು, ಹೆಂಡತಿಯನ್ನು ಕರೆದುಕೊಂಡು, ಅಡವಿಟ್ಟ ಬಂಗಾರ ಬಿಡಿಸಿಕೊಳ್ಳಲು ಓಡಿದ. ಮೇಡಂ ಕಾಗದದ ಮೇಲೆ ಏನೋ ಗೀಚಿ, ಚಹಾ ಕುಡಿದು ಹೊರಟರು.

ತಿಂಗಳ ಕೊನೆಗೆ ಆದೇಶ ಬಂತು. ಕನ್ನಡಕ್ಕೆ ಬೇಡಿಕೆಯಿಲ್ಲ, ಅನುದಾನ ನಿಲ್ಲಿಸಲಾಗಿದೆ. ರತ್ನಾವತಿ ಲೋಕಲ್ ಗಾಡಿಯ ಹೆಂಗಸರ ಡಬ್ಬಿಯಲ್ಲಿ ಕಲ್ಯಾಣದ ನೆಂಟರ ಮನೆಗೆ ಹೋಗುವಾಗ ಯಾರಿಗೂ ಕಾಣದ ಹಾಗೆ ಕಣ್ಣೊರೆಸಿಕೊಂಡರು. ಗಂಡನ ಜೊತೆ ಮಾತು ಬಿಟ್ಟರು. ತಾರಾನಾಥರು ಯಾರೂ ಹೇಳದೆಯೇ ಬಟ್ಟೆ ಮಡಚತೊಡಗಿದರು.

ಭಾನುವಾರ ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ಮಹಾದೇವಪ್ಪ, ಅವನ ಹೆಂಡತಿ, ಹಿಂದೆ ಅವರ ಚಾಳಿನ ನೆರೆಮನೆಯವರು ಏಳೆಂಟು ಜನ. ಬಿಲ್ಡಿಂಗು ಹುಡುಕಿಕೊಂಡು ಅಂಬರನಾಥದಿಂದ ಬಂದಿದ್ದರು. ಅವನ ಕೈಯಲ್ಲಿ ಮೊಬೈಲು.

"ಅಕ್ಕಾರ, ಕನ್ನಡ ಆಫೀಸು ಬಂದ್ ಆಗೇತಿ ಅಂತ ಎಲ್ಲಾ ಗ್ರೂಪಿನಾಗೂ ಬಂದೈತ್ರಿ. ನಾವ್ಯಾರೂ ನಂಬಿಲ್ಲ. ನಿಮ್ಮನ್ನ ಕೇಳೂಣು ಅಂತ ಬಂದ್ವಿ. ಸುಳ್ಳಲ್ಲೇನ್ರಿ ಅದು?"

ಒಳಗಿನಿಂದ ತಾರಾನಾಥರು ಬಾಯಿ ತೆರೆಯಲು ಹೊರಟರು. ರತ್ನಾವತಿ ಕೈ ಎತ್ತಿ ತಡೆದರು. ಸುಳ್ಳು ಎಂದು ಹೇಳಲು ಆಕೆಗೆ ಜನ್ಮದಲ್ಲಿ ಅಷ್ಟು ಆಸೆಯಾದದ್ದಿಲ್ಲ.

"ಇಲ್ಲಪ್ಪ," ಎಂದರು. "ಅದು ನಿಜ."