ಉಳಿದ ಅರ್ಧ ಗುಳಿಗೆ

ಅವ್ವನ ಬಿಪಿ ಇಳಿಯದಿದ್ದಾಗ ನನಗೆ ಮೊದಲು ಅನುಮಾನ ಬಂದದ್ದು ಮೆಡಿಕಲ್ ಅಂಗಡಿಯವನ ಮೇಲೆ. ನಕಲಿ ಮಾಲು ಮಾರುತ್ತಾನೆಂದು ಅನಗೋಳದ ಅಂಗಡಿ ಬಿಟ್ಟು ಖಾಸಬಾಗಕ್ಕೆ ಹೋದೆ. ಆಮೇಲೆ ಡಾಕ್ಟರರನ್ನೂ ನಂಬದೆ ಇನ್ನೊಬ್ಬರಿಗೆ ತೋರಿಸಿದೆ. ಈ ನಡುವೆ ಅಪ್ಪನಿಗೆ ತಲೆಸುತ್ತು ಶುರುವಾಯಿತು. ಅದಕ್ಕೆ ಬಿಸಿಲನ್ನು ಬೈದೆ. ಒಂದು ಬೆಳಿಗ್ಗೆ ಸಂಶಯ ತಡೆಯದೆ ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಅವ್ವ ಖಾನಾಪುರದ ತವರಿನಿಂದ ತಂದ ಅಡಕೊತ್ತಿನಿಂದ ಗುಳಿಗೆಯನ್ನು ಎರಡು ಹೋಳು ಮಾಡಿ, ಒಂದನ್ನಷ್ಟೇ ನುಂಗಿದಳು.

“ಪೂರ್ತಿ ಯಾಕ ನುಂಗೂದಿಲ್ಲ?” ಎಂದು ರೇಗಿದೆ.

“ಭಾಳ ಉಷ್ಣ ಐತಿ. ನನ್ನ ಮೈಗೆ ತಡ್ಯಾಂಗಿಲ್ಲ.”

“ಮತ್ತ ಉಳಿದ ಅರ್ಧಾ ಏನ್ ಮಾಡ್ತಿ?”

ಅವ್ವ ಅದನ್ನು ಅಪ್ಪನ ಚಹಾ ಬಸಿಯಲ್ಲಿಟ್ಟು, ನನ್ನನ್ನೇ ಅನುಮಾನದಿಂದ ನೋಡಿದಳು.

“ಔಷಧ ಒಗ್ಯಾಕ ಬರ್ತೈತೇನು? ನಿಮ್ಮಪ್ಪಂದು ತಂಪಿನ ಮೈ, ನಡೀತೈತಿ.”